ಹುಳ ಬೇಲಿಯಲ್ಲಿ, ತೂತು ದಾಳಿಂಬೆಯಲ್ಲಿ

ಗಿಡದ ಬುಡದಲ್ಲಿ ಬಿದ್ದ ಒಂದು ದಾಳಿಂಬೆ ಕೈಗೆತ್ತಿಕೊಳ್ಳಿ. ಬಣ್ಣ ಬಂದಿದೆ, ತೂಕ ಇದೆ, ಸಿಪ್ಪೆ ಎಲ್ಲೂ ಒಡೆದಿಲ್ಲ. ಸುತ್ತ ತಿರುಗಿಸಿದರೆ ಒಂದು ಮಗ್ಗುಲಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು, ಅದರ ಸುತ್ತ ನಾಣ್ಯದಷ್ಟು ಅಗಲದ ಕಂದು ಕಲೆ. ತೂತಿನ ಎರಡೂ ಕಡೆ ಹೆಬ್ಬೆರಳಿಟ್ಟು ಒತ್ತಿದರೆ ರಸ ಪಿಚಕ್ಕನೆ ಚಿಮ್ಮುತ್ತದೆ, ಹುಳಿತ ವಾಸನೆ ಬರುತ್ತದೆ. ಕೊಯ್ದು ನೋಡಿದರೆ ತೂತಿನ ಕೆಳಗಿನ ಕಾಳುಗಳು ಬಣ್ಣಗೆಟ್ಟು ಮೆತ್ತಗಾಗಿವೆ. ಆದರೆ ಒಳಗೆ ಹುಳ ಇಲ್ಲ, ಹುಳದ ಹಿಕ್ಕೆಯೂ ಇಲ್ಲ.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಳೆಗಾಲದ ನಡುವೆ ಹಣ್ಣು ಮಾಗಿಸುವ ತೋಟಗಳಿಗೆ ಈ ನೋಟ ಹೊಸದಲ್ಲ. ಪೇರಲ, ಮೋಸಂಬಿ, ಅಂಜೂರಕ್ಕೂ ಇದೇ ಪಾಡು. ತೂತು ಕಂಡ ಮೇಲೆ ನಡೆಯುವುದೂ ಎಲ್ಲ ಕಡೆ ಒಂದೇ. ಬಿದ್ದ ಹಣ್ಣು ಚೀಲದಲ್ಲಿ ಹಾಕಿಕೊಂಡು ಔಷಧದ ಅಂಗಡಿಗೆ ಹೋಗುವುದು, ‘ಹಣ್ಣ ತೂತ ಬಿದ್ದಾವ್ರಿ’ ಎನ್ನುವುದು, ಕಾಯಿಕೊರಕಕ್ಕೆ ಕೊಡುವ ಔಷಧ ತಂದು ಮರುದಿನ ಬೆಳಗ್ಗೆ ಬ್ಲೋವರ್ ಓಡಿಸುವುದು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅಷ್ಟೇ ಹಣ್ಣು ಉದುರಿರುತ್ತವೆ. ಆಮೇಲೆ ಔಷಧ ನಕಲಿ ಎಂಬ ಜಗಳ. ಔಷಧ ಅಸಲಿಯೇ ಇರಬಹುದು. ಅದು ಬಿದ್ದ ಹೊತ್ತಿಗೆ, ಬಿದ್ದ ಜಾಗದಲ್ಲಿ, ಸಾಯಬೇಕಾದ ಜೀವವೇ ಇರಲಿಲ್ಲ.

ಈ ತೂತು ಹಣ್ಣಿನ ರಸ ಹೀರುವ ಪತಂಗದ್ದು. ಮರಿ ಇರುವಾಗ ಅದು ತೋಟದ ಒಂದು ಎಲೆಯನ್ನೂ ಮುಟ್ಟುವುದಿಲ್ಲ. ಬೇಲಿಯ ಮೇಲೆ ಹಬ್ಬಿದ ಅಮೃತಬಳ್ಳಿ, ದಾಗಡಿ ಬಳ್ಳಿಗಳ ಎಲೆ ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಕತ್ತಲಲ್ಲಿ ತೋಟಕ್ಕೆ ಬಂದು, ಕುಡಿದು, ಬೆಳಗಾಗುವುದರೊಳಗೆ ಮರಳಿ ಗಿಡಗಂಟಿಗೆ ಸೇರುತ್ತದೆ. ಹುಟ್ಟಿ ಬೆಳೆಯುವುದು ಒಂದು ಕಡೆ, ಹಾಳು ಮಾಡುವುದು ಇನ್ನೊಂದು ಕಡೆ. ಹಗಲು ತೋಟಕ್ಕೆ ಹೊಡೆಯುವ ಯಾವ ಔಷಧವೂ ಇದಕ್ಕೆ ತಾಗದಿರುವುದಕ್ಕೆ ಕಾರಣ ಇಷ್ಟೇ.

ಸೊಂಡಿಲಿನ ತುದಿಯಲ್ಲಿ ಗರಗಸ

ಪತಂಗ ಎಂದರೆ ಹೂವಿನ ಮಕರಂದ ಹೀರುವ ಮೆತ್ತನೆಯ ಜೀವ ಎಂಬ ಕಲ್ಪನೆ ನಮ್ಮದು. ಬಾಯಿಯ ವಿಷಯದಲ್ಲಿ ಪತಂಗಗಳಷ್ಟು ತರಹೇವಾರಿ ಜೀವಿಗಳು ಕಡಿಮೆ. ರೇಷ್ಮೆ ಪತಂಗಕ್ಕೆ ಕೆಲಸಕ್ಕೆ ಬರುವ ಬಾಯಿಯೇ ಇಲ್ಲ. ಗೂಡಿನಿಂದ ಹೊರಬಿದ್ದು, ಕೂಡಿ, ಮೊಟ್ಟೆಯಿಟ್ಟು, ಏನೂ ತಿನ್ನದೆ ಸಾಯುತ್ತದೆ. ಅದಕ್ಕೆ ಪೂರಾ ಎದುರಿನದು ನಮ್ಮ ಈ ಪತಂಗ.

ನಮ್ಮ ಭಾಗದಲ್ಲಿ ಹೆಸರಿಸಬೇಕಾದವು ಎರಡು: ಯುಡೊಸಿಮಾ ಮಟರ್ನಾ ಮತ್ತು ಯುಡೊಸಿಮಾ ಫಲೋನಿಯಾ. ಎರಡಕ್ಕೂ ಹೆಸರಿಟ್ಟವನು 18ನೇ ಶತಮಾನದ ಲಿನೇಯಸ್. ಹಳೆಯ ಕೃಷಿ ಪುಸ್ತಕಗಳಲ್ಲಿ ಇವೇ ಒಥ್ರಿಸ್ ಎಂಬ ಹೆಸರಲ್ಲಿವೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 8ರಿಂದ 10 ಸೆಂಟಿಮೀಟರ್, ಅಂಗೈ ಅಗಲ. ಮುಂದಿನ ರೆಕ್ಕೆ ಒಣಗಿದ ಎಲೆಯ ಬಣ್ಣದ್ದು, ಹಗಲು ಮುಚ್ಚಿಕೊಂಡು ಕೂತರೆ ಉದುರಿದ ತರಗೆಲೆಯೇ. ಹಿಂದಿನ ರೆಕ್ಕೆ ಮಾತ್ರ ಎದ್ದು ಕಾಣುವ ಕಿತ್ತಳೆ ಹಳದಿ. ಅದರ ನಡುವೆ ದುಂಡನೆಯ ಕರಿ ಬೊಟ್ಟು ಇದ್ದರೆ ಮಟರ್ನಾ. ಬೊಟ್ಟಿನ ಬದಲು ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕರಿ ಪಟ್ಟಿ ಇದ್ದರೆ ಫಲೋನಿಯಾ. ಈ ಎರಡನೆಯದು ಆಫ್ರಿಕಾದಿಂದ ಹಿಡಿದು ನಮ್ಮ ದೇಶ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳವರೆಗೆ ಉಷ್ಣವಲಯದ ಉದ್ದಕ್ಕೂ ಹಣ್ಣಿನ ಬೆಳೆಗಾರರನ್ನು ಕಾಡುತ್ತದೆ.

ಸೊಂಡಿಲಿನ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಬೇರೆ ಪತಂಗಗಳದ್ದು ಮೆತ್ತನೆಯ ಕೊಳವೆ, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಇದರದ್ದೂ ಹಾಗೆಯೇ ಸುತ್ತಿಕೊಳ್ಳುತ್ತದೆ, ಆದರೆ ತುದಿ ಗಟ್ಟಿ, ಚೂಪು, ಅದರ ತುಂಬ ಸಣ್ಣ ಮುಳ್ಳು, ಕೊಕ್ಕೆಗಳು. ಸೊಂಡಿಲು ಎರಡು ಸೀಳುಗಳನ್ನು ಜೋಡಿಸಿದ ರಚನೆ. ಚುಚ್ಚುವಾಗ ಒಂದು ಸೀಳು ಮುಂದೆ ಹೋದರೆ ಇನ್ನೊಂದು ಹಿಂದೆ ಸರಿಯುತ್ತದೆ. ಹೀಗೆ ಇಬ್ಬರು ಎಳೆಯುವ ಗರಗಸದಂತೆ ಕೊರೆಯುತ್ತ ಸಿಪ್ಪೆಯೊಳಗೆ ಇಳಿಯುತ್ತದೆ. ದಾಳಿಂಬೆಯ ಚರ್ಮದಂಥ ಸಿಪ್ಪೆ, ಮೋಸಂಬಿಯ ದಪ್ಪ ತೊಗಟೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಒಳಗೆ ಇಳಿದ ಮೇಲೆ ಮುಳ್ಳುಗಳು ತಿರುಳು ಹರಿದು ರಸ ಬಿಡಿಸುತ್ತವೆ. ತೂತಿನ ಕೆಳಗೆ ಕಾಳುಗಳು ಜಜ್ಜಿದಂತೆ ಕಾಣುವುದು ಅದಕ್ಕೇ.

ಇದೇ ಉಪಕುಟುಂಬದ ಸೋದರಸಂಬಂಧಿಗಳ ಕತೆ ಕೇಳಿದರೆ ದಾಳಿಂಬೆ ಬೆಳೆಗಾರರು ಒಂದು ಗಳಿಗೆ ಸಮಾಧಾನಪಡಬಹುದು. ಕ್ಯಾಲಿಪ್ಟ್ರಾ ಎಂಬ ಕುಲದ ಪತಂಗಗಳೂ ಹಣ್ಣು ಚುಚ್ಚುವ ಜಾತಿಯವೇ. ಆದರೆ ಅವುಗಳಲ್ಲಿ ಕೆಲವು ಪ್ರಭೇದಗಳ ಗಂಡುಗಳು ಅದೇ ಸೊಂಡಿಲನ್ನು ಎಮ್ಮೆ, ದನ, ಜಿಂಕೆಗಳ ಚರ್ಮಕ್ಕೆ ಇಳಿಸಿ ರಕ್ತ ಕುಡಿಯುತ್ತವೆ. ಮಲೇಷ್ಯಾದಲ್ಲಿ ಇದನ್ನು ಕಣ್ಣಾರೆ ಕಂಡು 1968ರಲ್ಲಿ ವರದಿ ಮಾಡಿದವರು ಹಾನ್ಸ್ ಬೆಂಜಿಗರ್ ಎಂಬ ಕೀಟಶಾಸ್ತ್ರಜ್ಞ. ಹೆಣ್ಣುಗಳು ರಕ್ತ ಮುಟ್ಟುವುದಿಲ್ಲ, ಸೊಳ್ಳೆಗೆ ಪೂರ್ತಿ ತದ್ವಿರುದ್ಧ. ಗಂಡಿಗೆ ಬೇಕಾದದ್ದು ರಕ್ತದ ಪೌಷ್ಟಿಕತೆಗಿಂತ ಅದರ ಉಪ್ಪು, ಕೂಡುವಾಗ ಅದನ್ನು ಹೆಣ್ಣಿಗೆ ದಾಟಿಸುತ್ತದೆ ಎಂಬುದು ವಿಜ್ಞಾನಿಗಳ ಊಹೆ. ಮಡಗಾಸ್ಕರ್‌ನಲ್ಲಿ ಮಲಗಿದ ಹಕ್ಕಿಯ ರೆಪ್ಪೆಯ ಸಂದಿಗೆ ಸೊಂಡಿಲು ತೂರಿಸಿ ಕಣ್ಣೀರು ಕುಡಿಯುವ ಪತಂಗವೂ ಉಂಟು. ಕೊರೆಯಲು ಹುಟ್ಟಿದ ಸೊಂಡಿಲು ಹಣ್ಣಿಗೆ ಮಾತ್ರ ಮೀಸಲು ಎಂದು ಯಾರೂ ಬರೆದುಕೊಟ್ಟಿಲ್ಲ. ನಮ್ಮ ಯುಡೊಸಿಮಾ ಮಾತ್ರ ಹಣ್ಣಿಗೇ ನಿಂತಿದೆ.

ಯಾವ ತೂತು ಯಾರದ್ದು

ಹಣ ಹಾಳಾಗುವುದು ಇಲ್ಲಿಯೇ, ತೂತಿನ ಗುರುತು ತಪ್ಪಿದಾಗ. ಹೂವಿನ ಕಡೆಯ ಕಿರೀಟದ ಹತ್ತಿರವೋ ಕಾಯಿಯ ಹೊಟ್ಟೆಯ ಮೇಲೋ ದೊಡ್ಡ ದುಂಡು ರಂಧ್ರ, ಅದರ ಬಾಯಲ್ಲಿ ಹಿಕ್ಕೆ, ಗಬ್ಬು ವಾಸನೆ, ಕೊಯ್ದರೆ ಒಳಗೆ ಹುಳ ಇದ್ದರೆ ಅದು ದಾಳಿಂಬೆ ಚಿಟ್ಟೆಯ ಮರಿ, ಅಂದರೆ ನಿಜವಾದ ಕಾಯಿಕೊರಕ. ಅದು ಎಳೆ ಕಾಯಿಯ ಕಾಲದಿಂದಲೇ ಶುರು. ಒಳಗೆ ಅಕ್ಕಿಕಾಳಿನಂಥ ಬಿಳಿ ಮರಿಗಳು ಮಿಜಿಗುಟ್ಟುತ್ತಿದ್ದರೆ ನೊಣದ್ದು. ಎಣ್ಣೆ ಬಿದ್ದಂತೆ ಹೊಳೆಯುವ ಕಪ್ಪು ಕಲೆಯಾಗಿ, ಅದರ ಮೇಲೆ ಇಂಗ್ಲಿಷಿನ ಎಲ್ ಅಥವಾ ವೈ ಅಕ್ಷರದಂತೆ ಸಿಪ್ಪೆ ಸೀಳಿದ್ದರೆ ಅದು ಹುಳದ್ದೇ ಅಲ್ಲ, ತೇಲ್ಯಾ, ದುಂಡಾಣು ಅಂಗಮಾರಿ. ಪತಂಗದ ತೂತಿಗೆ ಗುರುತು ಮೂರು: ಸೂಜಿಯಷ್ಟು ಸಣ್ಣ, ಒತ್ತಿದರೆ ರಸ, ಒಳಗೆ ಹುಳ ಇಲ್ಲ.

ಆದರೆ ಮೂರನೆಯ ಗುರುತು ತಾಜಾ ಹಣ್ಣಿಗೆ ಮಾತ್ರ. ತೂತು ಬಿದ್ದು ಎರಡು ಮೂರು ದಿನವಾದ ಹಣ್ಣಿನಲ್ಲಿ ಎಲ್ಲರೂ ಸೇರಿರುತ್ತಾರೆ. ಬೂಷ್ಟು, ಹುದುಗು, ಹಣ್ಣಿನ ಸಣ್ಣ ನೊಣ, ಕಂದು ಬಣ್ಣದ ಪುಟಾಣಿ ದುಂಬಿಗಳು. ತಾವೇ ಸಿಪ್ಪೆ ಕೊರೆಯಲಾರದ ಬೇರೆ ಪತಂಗಗಳೂ ಅದೇ ತೂತಿಗೆ ಬಾಯಿ ಹಚ್ಚಿ ಕುಡಿಯುತ್ತವೆ. ರಾತ್ರಿ ಬ್ಯಾಟರಿ ಹಚ್ಚಿ ನೋಡಿದರೆ ಒಂದು ಹಣ್ಣಿನ ಸುತ್ತ ನಾಲ್ಕಾರು ಪತಂಗ ಕೂತಿರುವುದು ಉಂಟು. ಅವುಗಳಲ್ಲಿ ಔಡಲದ ಎಲೆ ಬೋಳಿಸುವ ಕೊಂಡಲಿ ಹುಳದ ಪತಂಗವೂ ಸೇರಿರುತ್ತದೆ. ಅದರ ಹಿಂದಿನ ರೆಕ್ಕೆ ಕಪ್ಪು ಬಿಳುಪು. ತೋಟದಲ್ಲಿ ಎಷ್ಟು ಪತಂಗ ಇವೆ ಎಂದು ಲೆಕ್ಕ ಹಾಕುವಾಗ ದೊಡ್ಡದಾದ, ಕಿತ್ತಳೆ ಹಿಂರೆಕ್ಕೆಯದ್ದನ್ನು ಮೊದಲು ಎಣಿಸಿ. ಬಾಗಿಲು ತೆರೆಯುವುದು ಅದೇ, ಉಳಿದವರಲ್ಲಿ ಹೆಚ್ಚಿನವರು ತೆರೆದ ಬಾಗಿಲಲ್ಲಿ ನುಗ್ಗಿದವರು.

ನಷ್ಟದ ದೊಡ್ಡ ಪಾಲು ಕುಡಿದ ರಸದ್ದಲ್ಲ, ತೂತಿನಿಂದ ಒಳಹೋದ ಕೊಳೆರೋಗದ್ದು. ಹಿಂದಿನ ರಾತ್ರಿ ಚುಚ್ಚಿಸಿಕೊಂಡ ಹಣ್ಣು ಬೆಳಗ್ಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಕಿತ್ತು, ಒರೆಸಿ, ಕ್ರೇಟಿಗೆ ಹಾಕಿ ಲಾರಿಗೆ ಏರಿಸಿದರೆ ದಾರಿಯಲ್ಲಿ ಕೊಳೆತು ಸೋರಿ ಸುತ್ತಲಿನ ಹಣ್ಣುಗಳನ್ನೂ ಕೆಡಿಸುತ್ತದೆ. ಮಂಡಿಯಲ್ಲಿ ದಲಾಲಿ ಕ್ರೇಟ್ ತೆಗೆದು ಒಂದು ಸೋರಿದ ಹಣ್ಣು ಕಂಡರೆ ದರ ಕಡಿಯುವುದು ಇಡೀ ಮಾಲಿಗೆ.

ಅಮೃತಬಳ್ಳಿಯ ಸಂಕಟ

ಮೊಟ್ಟೆಯಿಂದ ಪತಂಗ ಆಗುವವರೆಗಿನ ಬದುಕು ಒಂದು ತಿಂಗಳ ಮೇಲೆ ಕೆಲವು ದಿನ. ಹೆಣ್ಣು ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆ ಇಡುತ್ತದೆ, ಬಳ್ಳಿಯ ಎಲೆಯ ಕೆಳಮೈಗೆ. ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ. ಮರಿ ಎರಡರಿಂದ ಮೂರು ವಾರ ಎಲೆ ತಿಂದು, ನಾಲ್ಕು ಐದು ಸೆಂಟಿಮೀಟರ್ ದಾಟಿ, ಎಲೆಗಳನ್ನು ನೂಲಿನಿಂದ ಹೊಲಿದು ಒಳಗೆ ಕೋಶವಾಗುತ್ತದೆ. ಮರಿಯ ಗುರುತು ಸುಲಭ. ಮಖಮಲ್ಲಿನಂಥ ಗಾಢ ಮೈ, ಎರಡೂ ಬದಿಗೆ ಕಣ್ಣಿನಂತೆ ಕಾಣುವ ದುಂಡು ಗುರುತುಗಳು. ಮುಟ್ಟಿದರೆ ತಲೆ ಒಳಗೆ ಮಡಿಚಿ, ಹಿಂಭಾಗ ಮೇಲೆತ್ತಿ, ಆ ಸುಳ್ಳು ಕಣ್ಣು ತೋರಿಸುತ್ತದೆ. ಹಕ್ಕಿಗೆ ಹೆದರಿಕೆ ಹುಟ್ಟಿಸುವ ಆಟ ಅದು, ಮನುಷ್ಯರಿಗೆ ಏನೂ ಮಾಡುವುದಿಲ್ಲ.

ಬಳ್ಳಿಗಳಲ್ಲಿ ಮುಖ್ಯವಾದವು ಎರಡು, ಒಂದೇ ಸಸ್ಯ ಕುಟುಂಬದವು. ದಾಗಡಿ ನಮ್ಮ ಒಣ ಸೀಮೆಯ ಬದು ಬೇಲಿಗಳಲ್ಲಿ ತಾನಾಗಿ ಹಬ್ಬುವ, ಎಲೆ ಮೇಲೆ ಮೃದು ರೋಮವಿರುವ ಬಳ್ಳಿ. ಎಲೆ ಕಿವುಚಿ ನೀರಿಗೆ ಬೆರೆಸಿದರೆ ಹಸಿರು ಮೊಸರಿನಂತೆ ಹೆಪ್ಪುಗಟ್ಟುವುದರಿಂದ ಹಳ್ಳಿಯ ಮಕ್ಕಳಿಗೂ ಗೊತ್ತು. ಇನ್ನೊಂದು ಅಮೃತಬಳ್ಳಿ, ಹೃದಯದ ಆಕಾರದ ಎಲೆ, ಸುಲಿದುಬರುವ ತೆಳು ತೊಗಟೆ, ಬೇವಿನ ಮರ ಹಿಡಿದು ನೆತ್ತಿಯವರೆಗೆ ಏರುವಂಥದ್ದು. ಎರಡೂ ಕಹಿ ಸಸ್ಯಕ್ಷಾರಗಳಿಂದ (ಆಲ್ಕಲಾಯ್ಡ್) ತುಂಬಿದ ಬಳ್ಳಿಗಳು. ಹೆಚ್ಚಿನ ಹುಳಗಳು ಹತ್ತಿರ ಸುಳಿಯದ ಆ ಕಹಿಯನ್ನೇ ಈ ಮರಿ ಜೀರ್ಣಿಸಿಕೊಂಡಿದೆ.

2020ರಲ್ಲಿ ಕೋವಿಡ್ ಬಂದ ಮೇಲೆ ಅಮೃತಬಳ್ಳಿಗೆ ಬಂದ ಮರ್ಯಾದೆ ಯಾರಿಗೂ ಹೊಸ ಸುದ್ದಿಯಲ್ಲ. ಕಷಾಯಕ್ಕೆಂದು ಒಂದು ಗೇಣು ಕಾಂಡ ತಂದು ಮನೆ ಮುಂದೆ, ಪಂಪ್‌ಶೆಡ್ ಮಗ್ಗುಲಲ್ಲಿ, ತೋಟದ ಬೇವಿನ ಬುಡದಲ್ಲಿ ಊರಿದವರು ಬಹಳ. ಕಷಾಯ ಕುದಿಸುವುದು ನಿಂತಿತು, ಬಳ್ಳಿ ನಿಲ್ಲಲಿಲ್ಲ. ಬೇವಿನ ಮೇಲೆ ಹಬ್ಬಿದ ಅಮೃತಬಳ್ಳಿ ಶ್ರೇಷ್ಠ ಎಂಬ ನಂಬಿಕೆಯಿಂದ ಅದನ್ನು ಕಡಿಯಲು ಕೈಯೂ ಬರುವುದಿಲ್ಲ. ಇದರ ಜೊತೆಗೆ ಕಾಲುವೆ, ಕೃಷಿಹೊಂಡ, ಹನಿ ನೀರಾವರಿ. ಮೊದಲು ಮಳೆ ನಿಂತ ಮೇಲೆ ಒಣಗುತ್ತಿದ್ದ ಬದುವಿನ ಬಳ್ಳಿಗಳಿಗೆ ತೋಟದ ನೀರಿನ ಪಸೆ ತಾಗಿದರೆ ಇನ್ನಷ್ಟು ದಿನ ಹಸಿರಾಗಿರುತ್ತವೆ. ತೋಟ ಹೆಚ್ಚಾದಲ್ಲಿ ಪತಂಗಕ್ಕೆ ಊಟ ಹೆಚ್ಚು. ಬಳ್ಳಿ ಹಸಿರಾಗಿರುವಷ್ಟು ದಿನ ತೊಟ್ಟಿಲೂ ಸಿದ್ಧ.

ಹಾಗಾದರೆ ಬಳ್ಳಿಯನ್ನೆಲ್ಲ ಕಿತ್ತೊಗೆಯಬೇಕೇ? ಹೆಚ್ಚಿನ ಕೈಪಿಡಿಗಳ ಉತ್ತರ ಅದೇ, ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಸಾಲು ಹೊಲದಲ್ಲಿ ಅಷ್ಟು ಸಲೀಸಲ್ಲ. ಮೊದಲನೆಯದು, ಪತಂಗ ದೂರ ಹಾರಬಲ್ಲದು. ನಿಮ್ಮ ಬದುವಿನ ಬಳ್ಳಿ ಹೋದರೂ ಹಳ್ಳದ ದಂಡೆಯದ್ದು, ಗೋಮಾಳದ್ದು, ಪಕ್ಕದ ಹೊಲದ್ದು ಇರುತ್ತದೆ. ಎರಡನೆಯದು, ಅಮೃತಬಳ್ಳಿಯನ್ನು ಬುಡದಲ್ಲಿ ಕಡಿದರೆ ಅದು ಸಾಯುವುದಿಲ್ಲ. ಮರದ ಮೇಲೆ ಉಳಿದ ಕಾಂಡ ತನ್ನೊಳಗಿನ ನೀರಲ್ಲೇ ಬದುಕಿಕೊಂಡು ನೂಲಿನಂಥ ಹಸಿರು ಬಿಳಲುಗಳನ್ನು ಕೆಳಗೆ ಇಳಿಬಿಡುತ್ತದೆ. ಮಳೆಗಾಲದಲ್ಲಿ ಅವು ನೆಲ ಮುಟ್ಟಿದರೆ ಬಳ್ಳಿ ಮತ್ತೆ ಹೊಸದು. ಕಡಿಯುವುದೇ ಆದರೆ ಬೇಸಿಗೆಯಲ್ಲಿ, ಎಲೆ ಉದುರಿದಾಗ ಕಡಿಯಬೇಕು. ಬೇರು ಕೀಳಬೇಕು, ಮರದ ಮೇಲಿನದ್ದನ್ನು ಎಳೆದು ಇಳಿಸಬೇಕು, ತುಂಡುಗಳನ್ನು ಬದುವಿಗೆ ಎಸೆಯದೆ ಬಂಡೆಯ ಮೇಲೆ ಹರವಿ ಪೂರ್ತಿ ಒಣಗಿಸಬೇಕು. ಹಸಿ ತುಂಡು ಎಲ್ಲಿ ಬಿದ್ದರೂ ಚಿಗುರುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಇನ್ನೊಂದು ದಾರಿ ಮೇಲು. ತೋಟಕ್ಕೆ ತಾಗಿದ ಅಡ್ಡಾದಿಡ್ಡಿ ಬಳ್ಳಿ ತೆಗೆಯಿರಿ, ಆದರೆ ಕೈಗೆಟಕುವ ಎತ್ತರದಲ್ಲಿ ಒಂದೆರಡು ಬಳ್ಳಿ ಬೇಕೆಂದೇ ಉಳಿಸಿಕೊಳ್ಳಿ, ಚಪ್ಪರದ ತಂತಿಗೆ ಹಬ್ಬಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಎಲೆ ಮಗುಚಿ ನೋಡಿ. ಮರಿಯಾಗಿರುವ ಕಾಲ ಎರಡು ಮೂರು ವಾರ, ಆದ್ದರಿಂದ ವಾರಕ್ಕೊಮ್ಮೆ ನೋಡಿದರೆ ಒಂದೊಂದು ಮರಿಯೂ ಕೋಶವಾಗುವ ಮೊದಲು ಎರಡು ಸಲವಾದರೂ ಕಣ್ಣಿಗೆ ಬೀಳಬೇಕು. ಸಿಕ್ಕಿದ್ದನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಎಲೆಗಳ ನಡುವೆ ಹೊಲಿದ ಗಂಟು ಕಂಡರೆ ಅದೂ ಕೋಶವೇ, ಬಿಡಬೇಡಿ. ಮೊಟ್ಟೆ ಕಪ್ಪಗಾಗಿದ್ದರೆ ಮಾತ್ರ ಹಾಗೇ ಬಿಡಿ, ಅದರೊಳಗೆ ಪತಂಗದ ಮೊಟ್ಟೆಯನ್ನೇ ತಿಂದು ಬೆಳೆಯುವ ಸಣ್ಣ ಕಣಜ ಇರುವ ಸಾಧ್ಯತೆ ಹೆಚ್ಚು. ಪೆಸಿಫಿಕ್ ದ್ವೀಪಗಳಲ್ಲಿ ಇಂಥ ಕಣಜಗಳನ್ನೇ ತರಿಸಿ ಬಿಟ್ಟಿದ್ದಾರೆ, ನಮ್ಮಲ್ಲಿ ಅವು ತಾವಾಗಿಯೇ ಇವೆ. ಬಳ್ಳಿಗೆ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಅವು. ಮೇಲಾಗಿ ಅದೇ ಬಳ್ಳಿಯಿಂದ ಯಾರೋ ಕಷಾಯಕ್ಕೆ ಕಾಂಡ ಮುರಿದುಕೊಂಡು ಹೋಗುತ್ತಾರೆ.

ಬಹಾರದ ಲೆಕ್ಕ

ದಾಳಿಂಬೆಗೆ ಮೂರು ಬಹಾರ, ಅಂದರೆ ಹೂ ಬರಿಸಿ ಬೆಳೆ ತೆಗೆಯುವ ಹಂಗಾಮು. ಅಂಬೆ ಬಹಾರಕ್ಕೆ ಜನವರಿ ಫೆಬ್ರವರಿಯಲ್ಲಿ ಹೂ, ಮೃಗ ಬಹಾರಕ್ಕೆ ಜೂನ್ ಜುಲೈಯಲ್ಲಿ, ಹಸ್ತ ಬಹಾರಕ್ಕೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಭಗವಾ ತಳಿ ಮಾಗಲು ಸುಮಾರು ಆರು ತಿಂಗಳು. ಪತಂಗದ ಕಾಲ ಮಳೆ ಬಿದ್ದು ಬಳ್ಳಿ ಚಿಗುರಿದ ಮೇಲೆ, ಮುಖ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಅಂಬೆ ಬಹಾರದ ತಡವಾದ ಹಣ್ಣು ನೇರವಾಗಿ ಸೊಂಡಿಲಿನ ಕೆಳಗೆ ಬರುತ್ತದೆ. ಮೃಗ ಬಹಾರದ ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಕಾಟ ಇಳಿಯುತ್ತಿರುತ್ತದೆ. ಹಸ್ತ ಬಹಾರದ ಹಣ್ಣು ಬೇಸಿಗೆಯ ಬಾಗಿಲಲ್ಲಿ ಮಾಗುವುದರಿಂದ ಬಚಾವು. ದ್ರಾಕ್ಷಿಯವರು ಈ ಪತಂಗದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳದಿರುವುದೂ ಇದಕ್ಕೇ, ತಿಕೋಟಾ, ಅಥಣಿ ಕಡೆ ಗೊನೆ ಮಾಗುವುದು ಚಳಿಗಾಲ ಕಳೆಯುವಾಗ. ಇಂಡಿ ಭಾಗದ ಲಿಂಬೆ ವರ್ಷವಿಡೀ ಬರುತ್ತದೆ. ಹಸಿರು ಹಳದಿ ಇರುವಾಗಲೇ ಕೀಳುವುದರಿಂದ ಅದಕ್ಕೂ ಏಟು ಕಡಿಮೆ. ಗಿಡದಲ್ಲೇ ಹಳದಿಯಾಗಲು ಬಿಟ್ಟರೆ ಮಾತು ಬೇರೆ.

ಎಲ್ಲರೂ ಹಸ್ತ ಬಹಾರಕ್ಕೆ ಹೋದರೆ ಮುಗಿಯಿತಲ್ಲ ಎಂದು ಕೇಳಬಹುದು. ಹೂ ಬರಿಸಲು ಮೊದಲು ಗಿಡಕ್ಕೆ ನೀರು ನಿಲ್ಲಿಸಿ, ಬಾಡಿಸಿ, ಎಲೆ ಉದುರಿಸಬೇಕು. ಹಸ್ತ ಬಹಾರಕ್ಕೆ ಆ ಬಾಡಿಸುವ ಕಾಲ ಆಗಸ್ಟ್ ಸೆಪ್ಟೆಂಬರ್. ವಿಜಯಪುರ, ಬಾಗಲಕೋಟೆಗೆ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದ್ದು. ಎರೆ ಭೂಮಿಯಲ್ಲಿ ಒಂದು ಹದ ಮಳೆ ಬಿದ್ದರೆ ಗಿಡ ಬಾಡುವ ಮಾತೇ ಇಲ್ಲ. ಮಸಾರಿ, ಗರಸು ನೆಲದವರು ಯತ್ನಿಸಬಹುದು. ಉಳಿದವರಿಗೆ ಸಾಧ್ಯವಿರುವುದು ಇಷ್ಟು: ಅಂಬೆ ಬಹಾರವನ್ನು ಜನವರಿ ಮೊದಲಲ್ಲೇ ಹಿಡಿದು, ಜುಲೈಯಲ್ಲಿ ಕೊಯ್ಲು ಮುಗಿಸುವಂತೆ ನೋಡಿಕೊಳ್ಳುವುದು, ದರ ಏರಲಿ ಎಂದು ಮಾಗಿದ ಹಣ್ಣನ್ನು ಗಿಡದಲ್ಲಿ ನಿಲ್ಲಿಸದಿರುವುದು.

ರಾತ್ರಿ ಎಂಟರ ಮೇಲಿನ ಕೆಲಸ

ಪತಂಗ ಬರುವುದು ಕತ್ತಲು ಪೂರ್ತಿ ಕವಿದ ಮೇಲೆ, ರಾತ್ರಿ 8ರಿಂದ 11 ಗಂಟೆವರೆಗೆ ಓಡಾಟ ಜೋರು. ಎಕರೆ ಎರಡೆಕರೆ ತೋಟಕ್ಕೆ ಕೈಯಿಂದ ಹಿಡಿಯುವಷ್ಟು ಖಚಿತವಾದ ಉಪಾಯ ಇನ್ನೊಂದಿಲ್ಲ, ನಗುವವರು ನಗಲಿ. ಒಂದಡಿ ಅಗಲದ ಕಬ್ಬಿಣದ ಬಳೆಗೆ ಸೊಳ್ಳೆಪರದೆಯ ಬಟ್ಟೆ ಚೀಲದಂತೆ ಹೊಲಿದು ನಾಲ್ಕೈದು ಅಡಿ ಕೋಲಿಗೆ ಕಟ್ಟಿ. ಇಬ್ಬರು ಬೇಕು, ಒಬ್ಬರ ಕೈಯಲ್ಲಿ ಬ್ಯಾಟರಿ, ಇನ್ನೊಬ್ಬರ ಕೈಯಲ್ಲಿ ಬಲೆ. ಬೇಲಿ ಕಡೆಯ ಸಾಲುಗಳಿಂದ ಶುರು ಮಾಡಿ. ಬೆಳಕು ಬಿದ್ದಾಗ ಹಣ್ಣಿನ ಮೇಲೆ ಎರಡು ಕೆಂಡದ ಕಿಡಿ ಹೊಳೆದರೆ ಅವು ಅದರ ಕಣ್ಣು. ಸೊಂಡಿಲು ಹಣ್ಣಿನೊಳಗೆ ಇಳಿದಿರುವಾಗ ತಟ್ಟನೆ ಹಾರಲಾರದು, ಬಲೆಯನ್ನು ಹಣ್ಣಿನ ಕೆಳಗಿನಿಂದ ಮೇಲಕ್ಕೆ ಸರಿಸಿ ಮುಚ್ಚಬೇಕು. ಮೇಲಿಂದ ಬಡಿದರೆ ಹಣ್ಣೂ ಬೀಳುತ್ತದೆ, ಪತಂಗವೂ ಹೋಗುತ್ತದೆ. ಮಳೆಗಾಲದ ರಾತ್ರಿ, ಹುಲ್ಲು ಬೆಳೆದ ಸಾಲು, ಹಾವಿನ ಭಯ ಇದ್ದದ್ದೇ. ಗಂಬೂಟ್ ಇಲ್ಲದೆ ಇಳಿಯಬೇಡಿ.

ವಿಷದ ಆಮಿಷ ಹಳೆಯ ಶಿಫಾರಸು. 2 ಲೀಟರ್ ನೀರಿಗೆ 200 ಗ್ರಾಂ ಬೆಲ್ಲ, 20 ಮಿಲಿ ಮೆಲಾಥಿಯಾನ್ 50 ಇಸಿ, ಜೊತೆಗೆ ಸ್ವಲ್ಪ ವಿನೆಗರ್ ಅಥವಾ ಹಣ್ಣಿನ ರಸ. ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ ಹತ್ತು ಗಿಡಕ್ಕೆ ಒಂದರಂತೆ ತೂಗುಹಾಕುವುದು. ಬೆಲ್ಲಕ್ಕೆ ಬದಲು ಕಾಕಂಬಿಯೂ ನಡೆಯುತ್ತದೆ, ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿ ಅದಕ್ಕೇನು ಕೊರತೆ. ಕೆಲಸ ಕೆಡುವುದು ಮೂರು ಕಡೆ. ಹಣ್ಣು ಮಾಗಿ ಘಮ ಬಿಟ್ಟ ಮೇಲೆ ಆಮಿಷ ಇಟ್ಟರೆ ತೋಟದ ತುಂಬ ಅದಕ್ಕಿಂತ ಒಳ್ಳೆಯ ಊಟ ತೂಗುತ್ತಿರುತ್ತದೆ, ಪತಂಗ ಡಬ್ಬಿಯತ್ತ ತಿರುಗಿ ನೋಡುವುದಿಲ್ಲ. ಬಣ್ಣ ತಿರುಗುವ ಮೊದಲೇ, ತೋಟದ ಒಳಗಲ್ಲ, ಅಂಚಿನಲ್ಲಿ ಕಟ್ಟಬೇಕು. ‘ಇನ್ನೊಂದು ಮುಚ್ಚಳ ಇರಲಿ’ ಎಂದು ಔಷಧ ಜಾಸ್ತಿ ಸುರಿದರೆ ಅದರ ವಾಸನೆಗೇ ಹತ್ತಿರ ಬರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಡಬ್ಬಿಯನ್ನು ಹಗಲೂ ಹಾಗೇ ಬಿಡುವುದು. ಬೆಲ್ಲದ ವಾಸನೆಗೆ ಜೇನು ಬಂದು ಸಾಯುತ್ತವೆ, ಪಕ್ಕದ ಹೊಲದ ಸೂರ್ಯಕಾಂತಿಗೂ ಹೊಡೆತ. ಸಂಜೆ ಕಟ್ಟಿ, ನಸುಕಿನಲ್ಲಿ ಮುಚ್ಚಳ ಹಾಕಿಡಿ, ಮಕ್ಕಳು, ಕುರಿಗಳಿಗೆ ಸಿಗದಂತೆ. ಯಾವ ಔಷಧವನ್ನೇ ಆಗಲಿ ಡಬ್ಬಿಯ ಲೇಬಲ್ ಮೇಲೆ ನಿಮ್ಮ ಬೆಳೆಯ ಹೆಸರು ಇದೆಯೇ ಎಂದು ಓದಿಯೇ ತರಬೇಕು. ಹಣ್ಣು ಮಾಗುವಾಗ ಗಿಡಕ್ಕೇ ಕೀಟನಾಶಕ ಹೊಡೆದರೆ ಅದರ ಶೇಷ ಹಣ್ಣಿನಲ್ಲಿ ಉಳಿಯುತ್ತದೆ, ಪತಂಗಕ್ಕೆ ತಾಗುವುದಿಲ್ಲ, ಎರಡೂ ಕಡೆ ನಷ್ಟ.

ಹೊಗೆ ಹಾಕುವ ಪದ್ಧತಿ ಇದೆ. ಗಾಳಿ ನಿಂತ ರಾತ್ರಿ ಒಂದಿಷ್ಟು ಉಪಯೋಗ, ಗಾಳಿ ಬೀಸಿದರೆ ಹೊಗೆ ಊರಿಗೆ, ಪತಂಗ ಹಣ್ಣಿಗೆ.

ಬೆಳಕಿನ ಬಲೆ ಮಾರುವವರ ಮಾತಿಗೆ ಇಲ್ಲಿ ಕಿವಿಗೊಡಬೇಡಿ. ಸೌರ ದೀಪದ ಬಲೆಗೆ ಗೊಬ್ಬರದ ಹುಳದ ದುಂಬಿ, ನಾನಾ ಪತಂಗ ಬೀಳುತ್ತವೆ. ಬೆಳಗ್ಗೆ ತಟ್ಟೆ ತುಂಬಿದ್ದು ನೋಡಿ ಸಮಾಧಾನವೂ ಆಗುತ್ತದೆ. ಯುಡೊಸಿಮಾ ಮಾತ್ರ ಬೆಳಕಿಗೆ ಅಷ್ಟಾಗಿ ಬರುವುದಿಲ್ಲ. ಬೆಳಕನ್ನು ತಿರುಗಿಸಿ ಬಳಸಿದವರು ಜಪಾನಿನವರು. ಅಲ್ಲಿ ನಾಶಪಾತಿ ತೋಟಗಳಲ್ಲಿ ರಾತ್ರಿಯಿಡೀ ಹಳದಿ ದೀಪ ಉರಿಸುತ್ತಾರೆ. ಹಿಡಿಯುವುದಕ್ಕಲ್ಲ, ಇನ್ನೂ ಹಗಲಿದೆ ಎಂದು ಪತಂಗದ ಕಣ್ಣನ್ನು ನಂಬಿಸುವುದಕ್ಕೆ. ಹಳದಿ ಬೆಳಕಿನಲ್ಲಿ ಅದರ ಕಣ್ಣು ಹಗಲಿನ ಸ್ಥಿತಿಗೆ ತಿರುಗಿ, ಅದು ಹಾರುವುದನ್ನೇ ನಿಲ್ಲಿಸಿ ಕೂತುಬಿಡುತ್ತದೆ. ಬಿಳಿ ಅಥವಾ ನೀಲಿ ಛಾಯೆಯ ಎಲ್‌ಇಡಿಗೆ ಈ ಗುಣವಿಲ್ಲ, ಅದು ಬೇರೆ ಹುಳಗಳನ್ನು ಕರೆತರುತ್ತದೆ. ದೀಪಗಳ ನಡುವೆ ಗಿಡದ ನೆರಳಿನ ಕಡೆ ಕತ್ತಲು ಉಳಿದರೆ ಪತಂಗ ಅಲ್ಲಿಗೇ ಹೋಗುತ್ತದೆ, ಆದ್ದರಿಂದ ಎರಡೂ ಬದಿಯಿಂದ ಬೆಳಕು ಬೀಳಬೇಕು. ನಮ್ಮ ಹೊಲದ ಕರೆಂಟ್ ಬರುವ ಹೋಗುವ ಪಾಳಿ ಗೊತ್ತಿದ್ದವರಿಗೆ ಇದರ ತೊಡಕು ಹೇಳಬೇಕಿಲ್ಲ. ಎರಡು ಗಂಟೆ ದೀಪ ಆರಿದರೆ ಆ ಎರಡು ಗಂಟೆ ಸಾಕು.

ಚೀಲ, ಬಲೆಯ ವಿಷಯಕ್ಕೆ ಬಂದರೆ ಲೆಕ್ಕ ಹಾಕಿಯೇ ಇಳಿಯಬೇಕು. 4.5 × 3 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 300 ಗಿಡ. ಗಿಡಕ್ಕೆ 70 ಹಣ್ಣು ಉಳಿಸಿದರೆ 21,000 ಹಣ್ಣು, ಅಷ್ಟೇ ಚೀಲ. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ 175 ತಾಸು, ಎಂಟು ತಾಸಿನ ದಿನಗೂಲಿಯಲ್ಲಿ 22 ಆಳು. ಚೀಲ ನಾನ್‌ವೋವನ್ ಬಟ್ಟೆಯದ್ದಾದರೆ ಗಾಳಿಯಾಡುತ್ತದೆ, ಬಿಸಿಲಿಗೆ ಹಣ್ಣು ಸುಡುವುದೂ ತಪ್ಪುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಕೊಳೆಯುತ್ತದೆ. ಕಟ್ಟುವ ಮೊದಲು ಕಾಯಿಕೊರಕದ ಮೊಟ್ಟೆ, ತೇಲ್ಯಾದ ಕಲೆ ಇಲ್ಲವೆಂದು ನೋಡಿಕೊಳ್ಳಿ, ಇಲ್ಲದಿದ್ದರೆ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತೆ. ಬಾಯಿ ತೊಟ್ಟಿನ ಸುತ್ತ ಬಿಗಿಯಾಗಿರಲಿ, ಚೀಲ ಮಾತ್ರ ಸಡಿಲವಿರಲಿ. ಈ ಸಡಿಲ ಬಹಳ ಮುಖ್ಯ. ಬಟ್ಟೆ ಹಣ್ಣಿಗೆ ಒತ್ತಿಕೊಂಡಿದ್ದರೆ ದಾಳಿಂಬೆಯ ಸಿಪ್ಪೆ ಕೊರೆಯುವ ಸೊಂಡಿಲಿಗೆ ತೆಳು ಬಟ್ಟೆ ಯಾವ ಲೆಕ್ಕ? ಹೊರಗೆ ಕೂತೇ ಚುಚ್ಚಿ ಕುಡಿಯುತ್ತದೆ.

ಸಾಲಿನ ಮೇಲೆ ಉದ್ದಕ್ಕೆ ಹೊದಿಸುವ ಕ್ರಾಪ್ ಕವರ್ ಬಿಸಿಲಿನ ಸುಡುವಿಕೆಗೆಂದು ಬಂದದ್ದು, ಪತಂಗಕ್ಕೂ ತಡೆಯಾಗುತ್ತದೆ. ಇಲ್ಲೂ ಅದೇ ಮಾತು. ಹೊದಿಕೆ ನೇರ ಹಣ್ಣಿನ ಮೇಲೆ ಬಿದ್ದಿರಬಾರದು, ಕೋಲು ಅಥವಾ ತಂತಿಯ ಮೇಲೆ ನಿಂತು ಹಣ್ಣಿಗೂ ಬಟ್ಟೆಗೂ ನಡುವೆ ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಅಂತರ ಇರಬೇಕು, ಸೊಂಡಿಲಿನ ಅಳತೆಯೇ ಅಷ್ಟು. ಬುಡದಲ್ಲಿ ಮಣ್ಣು ಹಾಕಿ ಮುಚ್ಚದೆ ಗಾಳಿಗೆ ಹಾರಾಡಲು ಬಿಟ್ಟರೆ ಕೆಳಗಿನಿಂದ ನುಗ್ಗುತ್ತವೆ, ನುಗ್ಗಿದ್ದು ಹೊರಗೆ ಹೋಗದೆ ಒಳಗೇ ಇದ್ದು ದಿನವೂ ಚುಚ್ಚುತ್ತದೆ.

ಬಿದ್ದ ಹಣ್ಣನ್ನು ಏನು ಮಾಡುತ್ತೀರಿ ಎಂಬುದರ ಮೇಲೂ ಬಹಳ ನಿಂತಿದೆ. ತಿಪ್ಪೆಗೆ, ಬದುವಿಗೆ ಎಸೆದರೆ ಹುಳಿತ ರಸದ ವಾಸನೆ ರಾತ್ರಿ ಇನ್ನಷ್ಟು ಪತಂಗಗಳನ್ನು, ನೊಣಗಳನ್ನು ತೋಟಕ್ಕೆ ಕರೆಯುತ್ತದೆ. ದಿನಾ ಬೆಳಗ್ಗೆ ಆಯ್ದು ಎರಡಡಿ ಆಳದ ಕುಣಿಯಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಕೊಯ್ಲಿನ ದಿನ ಕಿತ್ತ ಹಣ್ಣನ್ನು ತಕ್ಷಣ ಕ್ರೇಟಿಗೆ ತುಂಬದೆ ನೆರಳಲ್ಲಿ ಒಂದು ರಾತ್ರಿ ಹರವಿ ಸೊಳ್ಳೆಪರದೆ ಮುಚ್ಚಿಟ್ಟರೆ, ಕೊಯ್ಲಿಗೆ ಮೊದಲಿನ ರಾತ್ರಿಯ ತೂತು ಮರುದಿನಕ್ಕೆ ಕಂದು ಕಲೆಯಾಗಿ ತಾನೇ ಕಾಣಿಸಿಕೊಳ್ಳುತ್ತದೆ. ಒರೆಸುವಾಗ ಬಟ್ಟೆಗೆ ಎಲ್ಲಿ ಒದ್ದೆ ಹತ್ತುತ್ತದೋ ಅಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡಿ.